ಸುಣ್ಣ ಬಳಿದ ಮುಖ

ಬೆಳಗ್ಗೆ 6:10ಕ್ಕೆ ಗುಲಾಬಿ ಹೂವಿನ ಶುಭೋದಯ. 6:12ಕ್ಕೆ ದೊಡ್ಡಪ್ಪನ ಫಾರ್ವರ್ಡ್: 'ಸನ್‌ಸ್ಕ್ರೀನ್ ಹಚ್ಚುವವರೇ ಎಚ್ಚರ! ವಿಷ ನೇರ ರಕ್ತಕ್ಕೆ!! ಅಮೆರಿಕದವರೇ ಒಪ್ಪಿಕೊಂಡಿದ್ದಾರೆ!!!' ಕೆಳಗೆ ಅವರದೇ ಒಂದು ಸಾಲು: 'ಯಾರಿಗೆ ಅಂತ ಹೇಳುವುದಿಲ್ಲ.'

ಹೇಳುವುದೇನು, ನಮ್ಮ ಮನೆತನದ 43 ಜನರ ವಾಟ್ಸಾಪ್ ಗುಂಪಿನಲ್ಲಿ ದಿನಾ ಅದನ್ನು ಹಚ್ಚುವವಳು ನಾನೊಬ್ಬಳೇ. ಹೆರಿಗೆಯಾದ ಮೇಲೆ ಕೆನ್ನೆಗೆ ಬಂಗು ಬಂದಿದೆ. ಬಿಸಿಲು ತಾಗಿದರೆ ಇನ್ನೂ ಕಪ್ಪಾಗುತ್ತದೆ.

'ಮೂಲ ಎಲ್ಲಿ?' ಎಂದರು ಭಾವ. ಮದುವೆಯ ಕರೆಯೋಲೆಗೂ ಮೂಲ ಕೇಳುವ ಜನ ಅವರು.

ಮೂಲ ಇತ್ತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೂ 2020ರಲ್ಲೂ ಪರೀಕ್ಷೆ ಮಾಡಿತ್ತು. ಸನ್‌ಸ್ಕ್ರೀನಿನ ಕೆಲವು ರಾಸಾಯನಿಕಗಳು ರಕ್ತಕ್ಕೆ ಸೇರುತ್ತವೆ ಅಂತ ಕಂಡದ್ದು ನಿಜ. ಆದರೆ ಅದರಿಂದ ಕೆಡುಕಾಯಿತು ಅಂತ ಅವರು ಹೇಳಲಿಲ್ಲ. ಇನ್ನಷ್ಟು ಪರೀಕ್ಷೆ ಆಗಬೇಕು, ಹಾಗಂತ ಹಚ್ಚುವುದನ್ನು ಬಿಡಬೇಕಿಲ್ಲ ಎಂದರು. ನಾನು ಹಚ್ಚುವುದಂತೂ ಝಿಂಕ್ ಆಕ್ಸೈಡ್ ಇರುವುದು, ಆ ಪರೀಕ್ಷೆಯಲ್ಲಿ ಅದು ಇರಲೇ ಇಲ್ಲ. ಇಷ್ಟನ್ನೂ ಲಿಂಕ್ ಸಮೇತ ಹಾಕಿದೆ. ಎರಡೇ ಸೆಕೆಂಡಿನಲ್ಲಿ ಭಾವನ ಹೆಬ್ಬೆಟ್ಟು ಬಿತ್ತು. ಓದಿದರೋ ಇಲ್ಲವೋ ನೀವೇ ಲೆಕ್ಕ ಹಾಕಿ.

ದೊಡ್ಡಪ್ಪ: 'ನಿನ್ನ ಅಜ್ಜಿ ಏನು ಹಚ್ಚಿದ್ದರು? ತೆಂಗಿನೆಣ್ಣೆ! 88 ವರ್ಷ ಬದುಕಿದರು.'

ಚಿಕ್ಕಮ್ಮ: '86. ತಿಥಿಗೆ ಬಂದಿದ್ದರೆ ಗೊತ್ತಿರುತ್ತಿತ್ತು.'

ಅಲ್ಲಿಗೆ ಸನ್‌ಸ್ಕ್ರೀನ್ ಕಥೆ ಮುಗಿಯಿತು. ತಿಥಿಗೆ ಯಾಕೆ ಬರಲಿಲ್ಲ, ಕಾರು ಯಾರು ಕಳಿಸಬೇಕಿತ್ತು ಅಂತ ಶುರುವಾಯಿತು. ನಾನಾದರೂ ಸುಮ್ನಿರಬೇಕಿತ್ತು. ಇರಲಿಲ್ಲ. ನಮ್ಮ ಗೃಹಪ್ರವೇಶದ ಫೋಟೋಕ್ಕೆ ದೊಡ್ಡಪ್ಪ 'ಗೋಡೆಗೆ ಸುಣ್ಣ ಹೊಡೆದವರೇ ಇವಳ ಮುಖಕ್ಕೂ ಹೊಡೆದರಾ?' ಎಂದು ಬರೆದಿದ್ದರು. ಹುಡುಕಿ ತೆಗೆದು, ಅದನ್ನೇ ಮತ್ತೆ ಹಾಕಿದೆ. ಝಿಂಕ್ ಬಿಳಿ ಬಿಡುತ್ತದೆ ನಿಜ, ಅದಕ್ಕೆ 27 ಜನ ನಗಬೇಕಿತ್ತಾ?

ದುಬೈಯಿಂದ ಗಣೇಶ ಎದ್ದ. 'ಪುತ್ತೂರಿನ ಅಂಗಳ ನೆನಪಿದೆಯಾ? ಅಡಿಕೆ ಒಣಹಾಕಿ ಕಾಗೆ ಓಡಿಸುತ್ತಿದ್ದದ್ದು?' ಜೊತೆಗೆ ಅಜ್ಜ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೊಪ್ಪಿ, ಹಾಕಿಕೊಂಡು ಕೂತಿರುವ ಹಳೇ ಫೋಟೋ. ಎಲ್ಲರಿಂದಲೂ ಹೃದಯ, ಕಣ್ಣೀರು. 'ನೋಡು, ಇದೇ ನಮ್ಮ ಸನ್‌ಸ್ಕ್ರೀನ್' ಎಂದರು ದೊಡ್ಡಪ್ಪ. ಮುಟ್ಟಾಳೆಗೆ ಅಂಚಿಲ್ಲ, ನೆತ್ತಿ ಕಾಯುತ್ತದೆ, ಕೆನ್ನೆ ಕಾಯುವುದಿಲ್ಲ. ಟೈಪ್ ಮಾಡಿ ಅಳಿಸಿದೆ. ಅಜ್ಜನ ಫೋಟೋ ಕೆಳಗೆ ಹೇಗೆ ಬರೆಯುವುದು?

ರಾತ್ರಿ ಹತ್ತಕ್ಕೆ ದೊಡ್ಡಮ್ಮ ನನಗೊಬ್ಬಳಿಗೇ ಮೆಸೇಜ್ ಮಾಡಿದರು. 'ನನಗೂ ಬಂಗು ಇದೆ. ಎಷ್ಟು ಹಚ್ಚಬೇಕು?'

'ಎರಡು ಬೆರಳಿನ ಉದ್ದಕ್ಕೂ ಹಿಂಡಿ, ಮುಖಕ್ಕೂ ಕುತ್ತಿಗೆಗೂ. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ.'

'ಅಷ್ಟೊಂದಾ!' ಸ್ವಲ್ಪ ಹೊತ್ತು 'ಟೈಪಿಂಗ್' ಅಂತ ತೋರಿಸುತ್ತಲೇ ಇತ್ತು. 'ಇವರ ಶೇವಿಂಗ್ ಕ್ರೀಮಿನ ಪಕ್ಕ ಇಟ್ಟರೆ ಗೊತ್ತಾಗಲಿಕ್ಕಿಲ್ಲ ಅಲ್ವಾ?'