‘ಹೆಂಡ ಅತಿ’ಗೆ ನಗಬೇಕಾ?

ಹೋದ ಸಂಚಿಕೆಯಲ್ಲಿ ಹುಬ್ಬಳ್ಳಿಯ ಓದುಗರೊಬ್ಬರು ಬರೆದಿದ್ದರು: “ಸೀಮಂತ ಇರಲಿ, ಗೃಹಪ್ರವೇಶ ಇರಲಿ, ನಾಲ್ಕು ಜನ ಸೇರಿದರೆ ಸಾಕು, ನಮ್ಮ ಯಜಮಾನರು ‘ಹೆಂಡತಿ ಅಂದ್ರ ಹೆಂಡಕ್ಕಿಂತ ಅತಿ’ ಎಂದು ಪದ ಒಡೆದು ನಗಿಸುತ್ತಾರೆ. ನಾನು ನಗದಿದ್ದರೆ ‘ಚ್ಯಾಷ್ಟಿ ತಿಳಿಯೂದಿಲ್ಲ’ ಅಂತಾರೆ. ಏನು ಮಾಡಲಿ?”

ಬ್ಯಾಡಗಿಯಿಂದ ಬಂದ ಪತ್ರ ಪೂರ್ತಿ ಇಷ್ಟೇ:

“ಮನಿ ಮಾತು ಪತ್ರಿಕೆಗೆ ಬರೆಯೋದು ಸರಿಯಲ್ಲ ತಂಗಿ. ನಕ್ಕು ಬಿಡು.”

ನಗಲು ಆಗದವರ ಪತ್ರಗಳೇ ಜಾಸ್ತಿ ಇದ್ದವು. ಬೆಟಗೇರಿಯ ತಾಯಿಯೊಬ್ಬರದು ಇದು:

“ತಂಗಿ, ನಿನ್ನ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಮನೆಯವರು ನಿಜಕ್ಕೂ ಕುಡಿಯುತ್ತಿದ್ದರು. ‘ಹೆಂಡತಿ ಅತಿ ಆದ್ಲು, ಅದಕ್ಕ ಹೆಂಡ ಅತಿ ಆತು’ ಅಂತ ಭಾವ ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಕೈಯಲ್ಲಿ ಚಹಾದ ತಾಟು ಇರುತ್ತಿತ್ತು. ಸುಮ್ನೆ ಒಳಗೆ ಹೋದರೆ ಸಿಟ್ಟಿನವಳು ಅನ್ನಿಸಿಕೊಳ್ಳಬೇಕಿತ್ತು. ಅವರು ತೀರಿಕೊಂಡ ಹದಿಮೂರನೇ ದಿನ ಪಂಕ್ತಿಯಲ್ಲಿ ಯಾರೋ ಅದನ್ನೇ ಅಂದರು. ಅವತ್ತು ಯಾರೂ ನಗಲಿಲ್ಲ. ಖರೇ ಅಂತ ತಲೆ ಆಡಿಸಿದರು. ಇಪ್ಪತ್ತು ವರ್ಷ ನಕ್ಕಿದ್ದೆನಲ್ಲ, ಅದೇ ನನ್ನ ಒಪ್ಪಿಗೆ ಆಗಿತ್ತು. ನೀನು ಈಗಲೇ ಹೇಳು. ಜನರ ಮುಂದೆ ಬೇಡ, ರಾತ್ರಿ ಊಟ ಆದ ಮೇಲೆ, ಇಬ್ಬರೇ ಇದ್ದಾಗ ಹೇಳು. ಆದರೆ ಹೇಳು.”

ಧಾರವಾಡದ ನಿವೃತ್ತ ಶಿಕ್ಷಕರೊಬ್ಬರಿಗೆ ಪದದ ಮೇಲೆಯೇ ಕಳಕಳಿ:

“ಹೆಂಡತಿಯಲ್ಲಿ ಹೆಂಡ ಇಲ್ಲ. ಹಳಗನ್ನಡದ ‘ಪೆಣ್’ ಹೆಣ್ಣಾಯಿತು, ‘ಪೆಂಡತಿ’ ಹೆಂಡತಿಯಾಯಿತು. ನಮ್ಮ ಕಡೆ ಬಾಯಲ್ಲಿ ಬರುವುದಂತೂ ‘ಹೇಣ್ತಿ’. ಅದರಲ್ಲಿ ಹೆಂಡ ಎಲ್ಲಿಂದ ತರುತ್ತಾರೆ? ‘ಗಂಡಾಂತರ’ದಲ್ಲಿ ಗಂಡನನ್ನು ಹುಡುಕುವುದೂ ಅಷ್ಟೇ ತಪ್ಪು.”

“ಸಂಬಳ ಕಮ್ಮಿ ಅಂತ ಗಂಡಸರನ್ನೂ ಆಡಿಕೊಂಡು ನಗುತ್ತಾರೆ, ಅದನ್ನೂ ಬರೆಯಿರಿ” ಎಂದಿದ್ದಾರೆ ಹಾವೇರಿಯ ಓದುಗರು. ಬರೆಯುತ್ತೇವೆ. ಅದೂ ನೋಯುತ್ತದೆ.

ನವಲಗುಂದದ ಅಜ್ಜಿಯೊಬ್ಬರು ಮೊಮ್ಮಗಳ ಕೈಲಿ ಬರೆಸಿದ್ದಾರೆ:

“ಮದುವ್ಯಾಗ ಗಂಡನ ಹೆಸರು ಹೇಳಾಕ ಒಡಪು ಹಾಕಿದ್ದಿಯಲ್ಲ ಮಗಳ, ಮುಂದಿನ ಕಾರ್ಯದಾಗ ಇದನ್ನ ಹಾಕು:

ಹತ್ತಿ ಹೊಲದಾಗ ಅರಳಿ ನಗತಾವ ಕಾಯಿ,
ನನ್ನ ಹಂಗಿಸಿ ನಗೋ ರಾಯರ ಹೆಸರಿಗೆ ಯಾಕ ತೆರೀಲಿ ಬಾಯಿ?”

ಪ್ರಶ್ನೆ ಕೇಳಿದವರು ಮತ್ತೆ ಬರೆದಿದ್ದಾರೆ. ಅವರ ಗಂಡನೂ ಈ ಪುಟ ಓದುತ್ತಾರಂತೆ. ಅವರ ಪತ್ರಕ್ಕೆ ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿದ್ದೇವೆ.