ಸಹಾಯ ಬೇಕು: 1971ರ ಬಿನಾಕಾ ಗೀತಮಾಲಾದ ವಾರದ ಪಟ್ಟಿಗಳು ಯಾರಲ್ಲಾದರೂ ಇವೆಯೇ?

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ನಮ್ಮ ಮನೆಯ ಅಟ್ಟದಲ್ಲಿ ಅಪ್ಪನ ಹಳೆಯ ನೋಟ್‌ಪುಸ್ತಕವೊಂದು ಸಿಕ್ಕಿದೆ. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನ್‌ (ಶ್ರೀಲಂಕಾದ ಬಾನುಲಿ) ಪ್ರಸಾರ ಮಾಡುತ್ತಿದ್ದ ಬಿನಾಕಾ ಗೀತಮಾಲಾ ಕಾರ್ಯಕ್ರಮದಲ್ಲಿ ನಿರೂಪಕ ಅಮೀನ್ ಸಯಾನಿ ಹೇಳುತ್ತಿದ್ದ ಹಿಂದಿ ಚಿತ್ರಗೀತೆಗಳ ಶ್ರೇಯಾಂಕವನ್ನು ಅವರು ವಾರ ತಪ್ಪದೆ ಬರೆದಿಟ್ಟಿದ್ದಾರೆ. ಮೇಲೇರಿದ ಹಾಡಿಗೆ ಕೆಂಪು ಬಾಣ, ಇಳಿದದ್ದಕ್ಕೆ ನೀಲಿ. ಶಾರ್ಟ್‌ವೇವ್ ಕೈಕೊಟ್ಟ ದಿನ ‘ಬರೀ ಗೊರಗೊರ’ ಎಂದಷ್ಟೇ ಇದೆ.

1952ರಲ್ಲಿ ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟ ಕಾಲದಲ್ಲಿ ಶುರುವಾದ ಈ ಕಾರ್ಯಕ್ರಮವೇ ನಮ್ಮ ದೇಶದ ಮೊದಲ ಜನಪ್ರಿಯ ಹಿಟ್ ಪಟ್ಟಿ ಎಂದು ನಾನು ನಂಬಿದ್ದೇನೆ. ಇಂದು ಮೊಬೈಲ್‌ನಲ್ಲಿ ಎಷ್ಟು ಸಲ ಕೇಳಿದರೆಂಬ ಲೆಕ್ಕ ತಾನಾಗಿ ಸಿಗುತ್ತದೆ. ಅಂದು ರೆಕಾರ್ಡ್ ಮಾರಾಟವನ್ನೂ ಶ್ರೋತೃಗಳ ಪತ್ರಗಳನ್ನೂ ನೋಡಿ ಪಟ್ಟಿ ಮಾಡುತ್ತಿದ್ದರು.

ಸೂರು ಸೋರಿ 1971ರ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪುಟಗಳು ಅಂಟಿಕೊಂಡಿವೆ. ವರ್ಷಾಂತ್ಯದ ಪಟ್ಟಿ ಸುಲಭವಾಗಿ ಸಿಗುತ್ತದೆ, ನನಗೆ ಬೇಕಿರುವುದು ವಾರವಾರದ್ದು. ನಿಮ್ಮ ಮನೆಯ ಹಿರಿಯರೂ ಹೀಗೆ ಬರೆದಿಟ್ಟಿದ್ದರೆ ದಯವಿಟ್ಟು ಆ ಪುಟಗಳ ಫೋಟೋ ಕಳುಹಿಸಿ. ಅಂಟಿದ ಹಾಳೆಗಳನ್ನು ಶಾಯಿ ಕದಡದಂತೆ ಬಿಡಿಸುವುದನ್ನು ಬಲ್ಲವರೂ ತಿಳಿಸಿ. ಅಪ್ಪನಿಗೆ ಮುಂದಿನ ತಿಂಗಳು 76 ತುಂಬುತ್ತದೆ. ಅಷ್ಟರೊಳಗೆ ಪುಸ್ತಕವನ್ನು ಪೂರ್ತಿ ಮಾಡಿ ಅವರ ಕೈಗಿಡಬೇಕು.