ಎಂಟನೇ ತಿಂಗಳ ರಕ್ತಸ್ರಾವ: ವರದಿಗಳಲ್ಲಿ ಮೂರು ಹೆಸರುಗಳೇಕೆ?

ಪ್ರಶ್ನೆ
ನನ್ನ ತಂಗಿಗೆ ಈಗ 32ನೇ ವಾರ. ನೋವೇ ಇಲ್ಲದೆ ಕೆಂಪು ರಕ್ತ ಹೋದದ್ದರಿಂದ ಆಸ್ಪತ್ರೆಗೆ ಸೇರಿಸಿದ್ದೆವು, ಈಗ ನಿಂತಿದೆ. ಒಂದು ಸ್ಕ್ಯಾನ್ ವರದಿಯಲ್ಲಿ ‘ಪ್ಲಾಸೆಂಟಾ ಪ್ರೀವಿಯಾ, ಮೊದಲನೇ ದರ್ಜೆ’ ಎಂದೂ, ಇನ್ನೊಂದರಲ್ಲಿ ‘ಲೋ ಲೈಯಿಂಗ್ ಪ್ಲಾಸೆಂಟಾ, 12 ಮಿ.ಮೀ.’ ಎಂದೂ, ಡಿಸ್ಚಾರ್ಜ್ ಚೀಟಿಯಲ್ಲಿ ‘ಎಪಿಎಚ್’ ಎಂದೂ ಇದೆ. ಇವು ಬೇರೆ ಬೇರೆ ಕಾಯಿಲೆಗಳೇ?

ಉತ್ತರ 1 (ಪ್ರಸೂತಿ ತಜ್ಞೆ)
ಅಲ್ಲ. ಎಪಿಎಚ್ ಎಂಬುದು ಪ್ರಸವಪೂರ್ವ ರಕ್ತಸ್ರಾವಕ್ಕೆ ಒಟ್ಟಾರೆ ಹೆಸರು. ಬ್ರಿಟನ್ನಿನಲ್ಲಿ 24ನೇ ವಾರದಿಂದ, ನಮ್ಮ ಹಲವು ಪಠ್ಯಪುಸ್ತಕಗಳಲ್ಲಿ 28ನೇ ವಾರದಿಂದ, ಮಗು ಹುಟ್ಟುವವರೆಗಿನ ರಕ್ತಸ್ರಾವವೆಲ್ಲ ಅದರಲ್ಲಿ ಸೇರುತ್ತದೆ. ಮಾಸು (ಪ್ಲಾಸೆಂಟಾ) ಕೆಳಗೆ ಕೂತಿರುವುದು, ಸರಿಯಾದ ಜಾಗದಲ್ಲಿದ್ದರೂ ಹೆರಿಗೆಗೆ ಮುನ್ನವೇ ಕಳಚಿಕೊಳ್ಳುವುದು, ಅಪರೂಪಕ್ಕೆ ಮಗುವಿನ ರಕ್ತನಾಳಗಳೇ ಗರ್ಭಕಂಠದ ಬಾಯಿಯ ಮೇಲೆ ಹಾದುಹೋಗಿರುವುದು, ಗರ್ಭಕಂಠದ ಹುಣ್ಣು ಅಥವಾ ಪಾಲಿಪ್ (ಸಣ್ಣ ಮಾಂಸದ ಗಂಟು) ಇವು ಕಾರಣಗಳು. ಕೆಲವರಲ್ಲಿ ಯಾವ ಕಾರಣವೂ ಸಿಗುವುದಿಲ್ಲ. ಮೊದಲ ಎರಡನ್ನು ಬೇರ್ಪಡಿಸಿ ನೋಡುವ ಕ್ರಮ ಹಳೆಯದು. ಇಂಗ್ಲೆಂಡಿನ ನಾರ್ವಿಚ್‌ನ ವೈದ್ಯ ಎಡ್ವರ್ಡ್ ರಿಗ್ಬಿ 1775ರಲ್ಲೇ ಅದನ್ನು ವಿವರಿಸಿದ್ದ.

ನಿಮ್ಮ ಎರಡು ಸ್ಕ್ಯಾನ್ ವರದಿಗಳೂ ಒಂದೇ ಮಾಸಿನ ಬಗ್ಗೆ ಹೇಳುತ್ತಿವೆ. ಹಿಂದೆ ಪ್ರೀವಿಯಾವನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುತ್ತಿದ್ದರು; ಗರ್ಭಕಂಠದ ಒಳಬಾಯಿಯನ್ನು ಮುಟ್ಟದೆ ಕೆಳಗಿದ್ದದ್ದು ಮೊದಲನೇ ದರ್ಜೆ. ಈಗ ಮಾಸು ಗರ್ಭಕಂಠದ ಒಳಬಾಯಿಯನ್ನು ಮುಚ್ಚಿದ್ದರೆ ಮಾತ್ರ ಪ್ರೀವಿಯಾ, ಮುಚ್ಚದೆ ಅಂಚು 20 ಮಿ.ಮೀ. ಒಳಗಿದ್ದರೆ ಲೋ ಲೈಯಿಂಗ್ ಎನ್ನುತ್ತಾರೆ. ಗರ್ಭಕೋಶದ ಕೆಳಭಾಗ ಹಿಗ್ಗಿದಂತೆ ಈ ಅಂತರ ಹೆಚ್ಚಬಹುದಾದ್ದರಿಂದ, 36ನೇ ವಾರದ ಹೊತ್ತಿಗೆ ಮತ್ತೆ ಅಳೆದು ಹೆರಿಗೆಯ ವಿಧಾನವನ್ನು ನಿರ್ಧರಿಸುವುದು ವಾಡಿಕೆ.

ಉತ್ತರ 2 (ಹೆರಿಗೆ ವಾರ್ಡಿನ ಶುಶ್ರೂಷಕಿ)
ಪ್ರಮಾಣದ ಮೇಲೂ ಒಂದು ವರ್ಗೀಕರಣವಿದೆ: 50 ಮಿ.ಲೀ.ಗಿಂತ ಕಡಿಮೆಯಾದರೆ ಅಲ್ಪ, 50ರಿಂದ 1000ದವರೆಗೆ ಹೋಗಿಯೂ ಆಘಾತದ (ರಕ್ತನಷ್ಟದಿಂದ ರಕ್ತಸಂಚಾರ ಕುಸಿಯುವುದು, ಶಾಕ್) ಲಕ್ಷಣಗಳಿಲ್ಲದಿದ್ದರೆ ಹೆಚ್ಚು, 1000 ಮೀರಿದರೆ ಅಥವಾ ಆಘಾತ ಕಂಡರೆ ಅತಿ ಹೆಚ್ಚು. ಆದರೆ ಹೊರಗೆ ಕಂಡಷ್ಟೇ ರಕ್ತವನ್ನು ನಂಬಬೇಡಿ. ಮಾಸು ಕಳಚಿದಾಗ ರಕ್ತವೆಲ್ಲ ಒಳಗೇ ನಿಂತು, ಬಟ್ಟೆಯಲ್ಲಿ ಒಂದು ಕಲೆಯೂ ಇಲ್ಲದೆ, ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ನೋಯುತ್ತಿದ್ದು ತಾಯಿ ಬಿಳಿಚಿಕೊಳ್ಳುವುದುಂಟು. ಮತ್ತೆ ರಕ್ತ ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ, ಮಾಸು ಕೆಳಗಿರುವುದನ್ನು ಮೊದಲೇ ತಿಳಿಸಿ. ಮಾಸಿನ ಸ್ಥಾನ ಖಚಿತವಾಗದೆ ಬೆರಳು ಹಾಕಿ ಒಳಪರೀಕ್ಷೆ ಮಾಡುವುದು ಅಪಾಯಕರ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಅವಳದು ಬಿ ನೆಗೆಟಿವ್ ರಕ್ತ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಉತ್ತರ 1
ಇದೆ. ಮಗುವಿನ ರಕ್ತ ಪಾಸಿಟಿವ್ ಆಗಿದ್ದರೆ ಅದರ ವಿರುದ್ಧ ನೆಗೆಟಿವ್ ತಾಯಿಯ ದೇಹದಲ್ಲಿ ಪ್ರತಿಕಾಯಗಳು ಬೆಳೆಯಬಹುದು. ಈಗಾಗಲೇ ಅವು ಬೆಳೆದಿಲ್ಲವಾದರೆ, ರಕ್ತಸ್ರಾವವಾದಾಗ ಅದನ್ನು ತಡೆಯುವ ಆಂಟಿ-ಡಿ ಚುಚ್ಚುಮದ್ದು ಬೇಕಾಗುತ್ತದೆ, ಸಾಧ್ಯವಾದರೆ 72 ಗಂಟೆಗಳೊಳಗೆ. ಕೊಟ್ಟಿದ್ದಾರೆಯೇ ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಇಂದೇ ನೋಡಿ. ನಮೂದಿಲ್ಲದಿದ್ದರೆ ಅವಧಿ ಮೀರಿತೆಂದು ಸುಮ್ಮನಾಗದೆ ವೈದ್ಯರನ್ನು ಕೇಳಿ.